ಒಂದೇ ಒಂದು ಪಾಯಿಂಟಿನ ಮಂತ್ರ

ಕಳೆದ ಮಳೆಗಾಲದಲ್ಲಿ ನಾಲ್ಕು ದಿನ ಊರಲ್ಲಿ ಸಿಕ್ಕಿಹಾಕಿಕೊಂಡಿದ್ದೆ. ಊರು ಅಂದರೆ ಚಿಕ್ಕಮಗಳೂರು ಪೇಟೆ ಅಲ್ಲ. ಆಲ್ದೂರು ದಾಟಿ ಇನ್ನೂ ಒಳಗೆ, ಕಾಫಿ ತೋಟದ ನಡುವೆ ಒಂಟಿ ಮನೆ. ಹೊರಗೆ ಕಾಲಿಟ್ಟರೆ ಉಂಬಳ. ಒಳಗೆ ಕೂತರೆ ಅಮ್ಮ ಗಂಟೆಗೊಂದು ಸಲ ತಂದಿಡುವ ಕಾಫಿ. ಅಕ್ಕನ ಮಗನೂ ಬಂದಿದ್ದ, ಏಳನೇ ಕ್ಲಾಸು. ಮೊಬೈಲಿಗೆ ನೆಟ್‌ವರ್ಕ್ ಸಿಗದೆ ಮನೆಯೆಲ್ಲ ಸುತ್ತಿ ಸುತ್ತಿ ಕೊನೆಗೆ ನನ್ನ ಲ್ಯಾಪ್‌ಟಾಪಿನ ಹತ್ತಿರ ಬಂದು ಕೂತ. ಅದರಲ್ಲಿದ್ದ ಒಂದೇ ಆಟ ಮಾರೋವಿಂಡ್, ಕತ್ತಿ ಮಂತ್ರಗಳ ಕಟ್ಟುಕಥೆ ಲೋಕದಲ್ಲಿ ತಿರುಗಾಡುವ ಆಟ. 2002ರದ್ದು. ಅವನಿಗಿಂತ ಸುಮಾರು ಹತ್ತು ವರ್ಷ ದೊಡ್ಡದು.

ಮೊದಲು ಮುಖ ಸಿಂಡರಿಸಿದ. ಮರದ ಎಲೆ ರಟ್ಟಿನ ಹಾಗಿದೆ, ಮನುಷ್ಯರು ಗೊಂಬೆ ನಡೆದ ಹಾಗೆ ನಡೀತಾರೆ ಅಂದ. ಆದರೂ ಬೇರೆ ದಾರಿ ಇರಲಿಲ್ಲ. ಕುಲ ಆರಿಸಿದ. ಆಮೇಲೆ 27 ವಿದ್ಯೆಗಳ ಪಟ್ಟಿ ಮುಂದೆ ಬಂದಾಗ ತಿರುಗಿ ನನ್ನನ್ನೇ ಕೇಳಿದ: "ಮಾವ, ಇದ್ರಲ್ಲಿ ಯಾವ ಮಂತ್ರ ಜಾಸ್ತಿ ಡ್ಯಾಮೇಜ್ ಕೊಡುತ್ತೆ?"

ಉತ್ತರ ಹೇಳಲಿಲ್ಲ. ಇದೇ ಪ್ರಶ್ನೆ ಇಟ್ಟುಕೊಂಡು ನಾನು ಈ ಆಟದಲ್ಲಿ ಎಷ್ಟು ವರ್ಷ ಹಾಳು ಮಾಡಿದ್ದೇನೆ ಅಂತ ಅವನಿಗೆ ಗೊತ್ತಿಲ್ಲ.

ನನಗೆ ಇದು ಸಿಕ್ಕಿದ್ದು 2005ರ ಸುಮಾರಿಗೆ. ಕಾಫಿ ರೇಟು ನೆಲಕಚ್ಚಿ, ಆಗಷ್ಟೇ ಸ್ವಲ್ಪ ಸುಧಾರಿಸಿಕೊಳ್ಳುತ್ತಿದ್ದ ಕಾಲ. ಅಪ್ಪ ಯಾರದೋ ಹಳೇ ಕಂಪ್ಯೂಟರ್ ಕೊಂಡು ತಂದಿದ್ದರು, ನಾನು ಓದಿಗೆ ಬೇಕು ಅಂತ ಹೇಳಿದ್ದಕ್ಕೆ. ಬೆಂಗಳೂರಿನಲ್ಲಿದ್ದ ದೊಡ್ಡಪ್ಪನ ಮಗ ಸಿಡಿ ತಂದುಕೊಟ್ಟ. ಮಳೆಗಾಲ ಶುರುವಾದರೆ ಕರೆಂಟು ಹೋಗುವುದಕ್ಕೆ ಹೊತ್ತುಗೊತ್ತು ಇರಲಿಲ್ಲ. ಯುಪಿಎಸ್ ಕೀಂಕ್ ಕೀಂಕ್ ಅನ್ನತೊಡಗಿದರೆ ಆಟ ಸೇವ್ ಮಾಡಿ ಮುಚ್ಚುವುದಕ್ಕೆ ನಾಲ್ಕೈದು ನಿಮಿಷ ಇರುತ್ತಿತ್ತು, ಅಷ್ಟೇ. ಆ ಅವಸರದಲ್ಲಿ ಆಡುವವನು ಏನು ಮಾಡುತ್ತಾನೆ? ಬೆಂಕಿ ಉಂಡೆ ಎಸೆಯುತ್ತಾನೆ. ಕತ್ತಿ ಬೀಸುತ್ತಾನೆ. ಮಂತ್ರದ ಪಟ್ಟಿಯಲ್ಲಿ ಕೆಳಗೆ ಏನಿದೆ ಅಂತ ನೋಡುವ ಪುರುಸೊತ್ತು ಯಾರಿಗಿದೆ.

ಆಟ ಶುರುವಾಗುವುದು ಸೇಡಾ ನೀನ್ ಅನ್ನೋ ಕಡಲ ಬದಿಯ ಸಣ್ಣ ಊರಲ್ಲಿ. ಕೈದಿಯಾಗಿ ಹಡಗಿನಿಂದ ಇಳಿಯುತ್ತೀರಿ, ಕಚೇರಿಯಲ್ಲಿ ಕಾಗದಪತ್ರ ಮುಗಿಸುತ್ತೀರಿ, ಬಾಗಿಲು ತೆರೆದು ಹೊರಗೆ ಬಿಡುತ್ತಾರೆ. ಎಲ್ಲಿಗೆ ಹೋಗಬೇಕು ಅಂತ ಬಾಣದ ಗುರುತು ತೋರಿಸುವವರು ಯಾರೂ ಇಲ್ಲ. ದಾರಿ ಕೇಳಿದರೆ ಬಾಯಲ್ಲಿ ಹೇಳುತ್ತಾರೆ, ನಮ್ಮ ಕಡೆ ಹೇಳಿದ ಹಾಗೆಯೇ: ಸೇತುವೆ ದಾಟಿ, ಬಂಡೆ ಸಿಕ್ಕಿದ ಮೇಲೆ ಎಡಕ್ಕೆ ಹೊರಳು. ಆ ಊರಿಂದ ಸ್ವಲ್ಪ ದೂರ ರಸ್ತೆಯಲ್ಲಿ ನಡೆದರೆ ಮೇಲಿನಿಂದ ಒಂದು ಕಿರುಚಾಟ ಕೇಳುತ್ತದೆ. ತಲೆ ಎತ್ತುವಷ್ಟರಲ್ಲಿ ಒಬ್ಬ ಆಕಾಶದಿಂದ ಬಂದು ಧೊಪ್ಪನೆ ಮುಂದೆ ಬಿದ್ದಿರುತ್ತಾನೆ. ಸತ್ತಿರುತ್ತಾನೆ. ಹೆಸರು ಟಾರ್ಹಿಯಲ್. ಅವನ ಹತ್ತಿರ ಒಂದು ದಿನಚರಿ, ಮೂರು ಮಂತ್ರದ ಸುರುಳಿ. ಒಂದು ಸುರುಳಿ ಓದಿದರೆ ಏಳು ಸೆಕೆಂಡು ನಿಮ್ಮ ಜಿಗಿತದ ವಿದ್ಯೆಗೆ 1000 ಪಾಯಿಂಟ್ ಸೇರುತ್ತದೆ.

ಸಾವಿರ! ಆ ವಿದ್ಯೆಯನ್ನು ಕಲಿತು ಕಲಿತು ಏರಿಸಿದರೂ ಮುಟ್ಟುವುದು ನೂರು. ನಾನು ಅಲ್ಲೇ ಓದಿ ಅಲ್ಲೇ ಜಿಗಿದೆ. ಊರು ಚುಕ್ಕಿಯಾಯಿತು, ಮಂಜು ಬಂತು, ಕೆಳಗೆ ಏನೂ ಕಾಣದೆ ಹೋಯಿತು. ಹೊಟ್ಟೆಯಲ್ಲಿ ನಿಜವಾಗಲೂ ಜುಂ ಅಂದಿತ್ತು. ಏಳು ಸೆಕೆಂಡು ಗಾಳಿಯಲ್ಲೇ ಮುಗಿಯಿತು. ಇನ್ನೂ ಇಳಿಯುವುದು ಬಾಕಿ ಇತ್ತು. ಟಾರ್ಹಿಯಲ್ ಹೇಗೆ ಸತ್ತ ಅಂತ ಆಗ ಅರ್ಥ ಆಯಿತು.

ಒಂದು ಉಪಾಯ ಇದೆ, ನೆಲ ಮುಟ್ಟುವ ಮೊದಲು ಎರಡನೇ ಸುರುಳಿ ಓದಿಬಿಡುವುದು. ಆದರೆ ಇನ್ನೊಂದಿದೆ, ಅದು ನನಗೆ ಗೊತ್ತಾಗಿದ್ದು ಎಷ್ಟೋ ವರ್ಷ ಆದಮೇಲೆ. ಸ್ಲೋಫಾಲ್ ಅನ್ನೋ ಮಂತ್ರ. ಮೆಲ್ಲಗೆ ಬೀಳುವ ಮಂತ್ರ, ಆಲ್ಟರೇಷನ್ ವಿಭಾಗದ್ದು. ಹೆಸರು ಕೇಳಿಯೇ ಬಿಟ್ಟುಬಿಟ್ಟಿದ್ದೆ. ಬೀಳುವುದಕ್ಕೂ ಮಂತ್ರ ಬೇಕಾ ಅಂತ. ಆಟದ ಲೆಕ್ಕ ಹೇಗಿದೆ ಅಂದರೆ, ಮೈಮೇಲೆ ಸ್ಲೋಫಾಲ್ ಇರುವಷ್ಟು ಹೊತ್ತು ಬಿದ್ದ ಎತ್ತರ ಲೆಕ್ಕಕ್ಕೇ ಬರುವುದಿಲ್ಲ. ಅದು ಹತ್ತು ಪಾಯಿಂಟ್ ಇದ್ದರೂ ಅಷ್ಟೇ, ಒಂದೇ ಒಂದು ಪಾಯಿಂಟ್ ಇದ್ದರೂ ಅಷ್ಟೇ. ಮೋಡದಿಂದ ಬಿದ್ದರೂ ಒಂದು ಗೀರು ಆಗುವುದಿಲ್ಲ.

ಮಾರೋವಿಂಡ್‌ನಲ್ಲಿ ಮಂತ್ರವನ್ನು ನಾವೇ ಹೊಲಿಸಿಕೊಳ್ಳಬಹುದು. ಅಂಗಡಿಯಲ್ಲಿ ಸಿಗುವ ರೆಡಿಮೇಡ್ ಮಂತ್ರ ಒಂದನ್ನು ಕೊಂಡರೆ ಅದರ ಗುಣ ನಮಗೆ ಬರುತ್ತದೆ. ಆಮೇಲೆ ಬಾಲ್ಮೋರಾ ಊರಿನ ಮೇಜಸ್ ಗಿಲ್ಡ್, ಅಂದರೆ ಮಂತ್ರವಾದಿಗಳ ಸಂಘದಂಥ ಕಡೆ ಹೋಗಿ, ಎಷ್ಟು ಪಾಯಿಂಟ್, ಎಷ್ಟು ಸೆಕೆಂಡ್ ಅಂತ ಹೇಳಿ ಬೇಕಾದ ಅಳತೆಗೆ ಮಾಡಿಸಿಕೊಳ್ಳಬಹುದು. ಬಲ ಜಾಸ್ತಿ ಮಾಡಿದರೆ ಖರ್ಚು ಜಾಸ್ತಿ, ಸಮಯ ಜಾಸ್ತಿ ಮಾಡಿದರೂ ಖರ್ಚು ಜಾಸ್ತಿ. ಖರ್ಚು ಏರಿದಷ್ಟೂ ಮಂತ್ರ ಕೈಕೊಡುವುದೂ ಜಾಸ್ತಿ. ಹೀಗೆ ಖರ್ಚಾಗುವ ಮಂತ್ರಶಕ್ತಿ, ಮ್ಯಾಜಿಕಾ, ತಾನಾಗೇ ತುಂಬಿಕೊಳ್ಳುವುದೂ ಇಲ್ಲ, ಮಲಗಿ ಏಳಬೇಕು ಇಲ್ಲವೇ ಔಷಧಿ ಕುಡಿಯಬೇಕು. ಹಾಗಾಗಿ ಒಂದು ಪಾಯಿಂಟಿನ ಸ್ಲೋಫಾಲ್ ಅಂದರೆ ಬಿಟ್ಟಿ ಸಿಕ್ಕ ಹಾಗೆ. ಕಲಿಯದವನೂ ಹಾಕಬಹುದು.

ನಮ್ಮ ತೋಟದಲ್ಲಿ ಸಿಲ್ವರ್ ಓಕ್ ಮರಗಳಿಗೆ ಮೆಣಸಿನ ಬಳ್ಳಿ ಹಬ್ಬಿಸಿದ್ದೇವೆ. ಕೊಯ್ಲಿನಲ್ಲಿ ಒಂಟಿ ಬಿದಿರಿನ ಏಣಿ ಇಟ್ಟುಕೊಂಡು ಹತ್ತುತ್ತಾರೆ. ಗಳಕ್ಕೆ ಕಣ್ಣು ಕೊರೆದು ಅಡ್ಡ ಕಡ್ಡಿ ಸಿಕ್ಕಿಸಿರುತ್ತಾರಲ್ಲ, ಅದು. ಹುಡುಗನಾಗಿದ್ದಾಗ ನಾನೂ ಒಮ್ಮೆ ಹತ್ತಿದ್ದೆ, ಸರಸರ ಅಂತ ತುದಿವರೆಗೆ ಹೋಗಿಬಿಟ್ಟೆ. ಇಳಿಯುವಾಗ ಕಾಲಿಗೆ ಮುಂದಿನ ಕಡ್ಡಿ ಸಿಗಲಿಲ್ಲ. ಬಳ್ಳಿ ತಬ್ಬಿಕೊಂಡು ಹತ್ತು ನಿಮಿಷ ಹಾಗೇ ನಿಂತಿದ್ದೆ. ಕೊನೆಗೆ ಕೊಯ್ಯುವವರೊಬ್ಬರು ಬಂದು ಕಾಲು ಹಿಡಿದು ಒಂದೊಂದೇ ಕಡ್ಡಿಯ ಮೇಲೆ ಇಡಿಸಿ ಇಳಿಸಿದರು. ಟಾರ್ಹಿಯಲ್‌ಗೆ ಕಾಲು ಹಿಡಿಯುವವರು ಇರಲಿಲ್ಲ ಪಾಪ.

ಸ್ಲೋಫಾಲ್ ಗೊತ್ತಾದ ಮೇಲೆ ಪಟ್ಟಿಯನ್ನು ಮೊದಲಿಂದ ಓದತೊಡಗಿದೆ. ಸಣ್ಣ ಸಂಖ್ಯೆ ಹುಡುಕಿಕೊಂಡು. ಅಲ್ಲಿಂದ ಆಟವೇ ಬೇರೆ ಆಯಿತು.

ಒಂದು ಸೆಕೆಂಡಿನ ಮಂತ್ರಗಳನ್ನು ನೋಡಿ. ಈ ಆಟದಲ್ಲಿ ಯಾರನ್ನಾದರೂ ಮಾತಾಡಿಸಿದ ಕೂಡಲೇ ಲೋಕದ ಗಡಿಯಾರ ನಿಂತುಬಿಡುತ್ತದೆ. ಮಾತು ಮುಗಿಯುವ ತನಕ ಹಾರುವ ಹಕ್ಕಿಯೂ ಗಾಳಿಯಲ್ಲೇ ನಿಂತಿರುತ್ತದೆ. ಹಾಗಿದ್ದ ಮೇಲೆ ಎದುರಿನವನಿಗೆ ನಮ್ಮ ಮೇಲೆ ಪ್ರೀತಿ ಹುಟ್ಟಿಸುವ ಚಾರ್ಮ್ ಮಂತ್ರ ಒಂದು ನಿಮಿಷ ಯಾಕೆ ಬೇಕು? ಒಂದೆರಡು ಸೆಕೆಂಡಿನದ್ದು ಹಾಕಿ ಚಟ್ಟನೆ ಮಾತಿಗಿಳಿದರೆ ಸಾಕು, ವ್ಯಾಪಾರ ಮುಗಿಯುವ ತನಕ ಅವನು ನಿಮ್ಮ ಖಾಸಾ ದೋಸ್ತ್. ಮಾತು ಮುಗಿಸಿ ಎರಡು ಹೆಜ್ಜೆ ಇಡುವಷ್ಟರಲ್ಲಿ ಮತ್ತೆ ಗಂಟುಮುಖ. ಅಷ್ಟು ಹೊತ್ತಿಗೆ ಸಾಮಾನು ನಿಮ್ಮ ಚೀಲದಲ್ಲಿ.

ಇನ್ನೂ ಕಿಲಾಡಿಯಾದದ್ದು ಡ್ರೇನ್ ಸ್ಕಿಲ್. ವಿದ್ಯೆಯನ್ನು ಸ್ವಲ್ಪ ಹೊತ್ತು ಕಿತ್ತುಕೊಳ್ಳುವ ಮಂತ್ರ. ಇದನ್ನು ಯಾರೂ ಕೊಳ್ಳುವುದಿಲ್ಲ, ಶತ್ರುವಿನ ಕತ್ತಿವಿದ್ಯೆ ಒಂದು ಗಳಿಗೆ ಇಳಿಸಿ ಏನು ಸಿಗುತ್ತದೆ? ಇದನ್ನು ಹಾಕಬೇಕಾದ್ದು ನಮ್ಮ ಮೇಲೇ. ಆಟದಲ್ಲಿ ವಿದ್ಯೆ ಹೇಳಿಕೊಡುವ ಮೇಷ್ಟ್ರುಗಳಿದ್ದಾರೆ, ನಿಮಗೆ ಎಷ್ಟು ಬರುತ್ತದೋ ಅದರ ಮೇಲೆ ಫೀಸು. ಮೇಲೆ ಹೋದಷ್ಟೂ ದುಬಾರಿ. ಆದರೆ ಅವರು ನೋಡುವುದು ಆ ಗಳಿಗೆಯಲ್ಲಿ ನಿಮ್ಮಲ್ಲಿ ಎಷ್ಟಿದೆ ಅನ್ನೋದನ್ನು ಮಾತ್ರ. ಮೇಷ್ಟ್ರ ಎದುರು ನಿಂತು ನಿಮ್ಮದೇ ವಿದ್ಯೆಯಿಂದ 100 ಪಾಯಿಂಟ್ ಒಂದೆರಡು ಸೆಕೆಂಡು ಇಳಿಸಿಕೊಂಡು ಮಾತಾಡಿಸಿದರೆ, ನೀವು ಅಕ್ಷರ ಬಾರದ ದಡ್ಡ ಅಂದುಕೊಂಡು ಪುಡಿಗಾಸಿಗೆ ಪಾಠ ಹೇಳುತ್ತಾರೆ. ಇದು ಮೋಸ, ಒಪ್ಪುತ್ತೇನೆ. ಒಂದು ಆಟದಲ್ಲಿ ಮಾಡಿದೆ, ಆಮೇಲೆ ಬಿಟ್ಟೆ, ರುಚಿ ಹೋಗುತ್ತದೆ.

ಅದೇ ಲೆಕ್ಕದಲ್ಲಿ ಡ್ರೇನ್ ಹೆಲ್ತ್ 100 ಪಾಯಿಂಟ್, ಒಂದು ಸೆಕೆಂಡ್. ಒಂದು ಸೆಕೆಂಡ್ ಆದಮೇಲೆ ಶತ್ರುವಿನ ಜೀವ ವಾಪಸ್ ಬರಬೇಕು. ಆದರೆ ಅವನ ಹತ್ತಿರ ಇದ್ದದ್ದೇ ನೂರಕ್ಕಿಂತ ಕಡಿಮೆ ಇದ್ದರೆ ವಾಪಸ್ ಬರುವುದಕ್ಕೆ ಅವನೇ ಇರುವುದಿಲ್ಲ. ನಾನು ವರ್ಷಗಟ್ಟಲೆ ಎಸೆದ ಬೆಂಕಿ ಉಂಡೆಗಳೆಲ್ಲ ಇದರ ಮುಂದೆ ದೀಪಾವಳಿ ಪಟಾಕಿ.

ಕುರುಡು ಬೂಟಿನ ಕಥೆಯೂ ಇದೇ ಜಾತಿಯದು. ಕಾಲ್ಡೆರಾ ಅನ್ನೋ ಊರಿನ ಆಚೆ ರಸ್ತೆ ಬದಿ ಪೆಮೆನಿ ಅನ್ನೋ ಹೆಂಗಸು ನಿಂತಿರುತ್ತಾಳೆ. ನಾರ್ ಮೋಕ್ ಊರಿಗೆ ಜೊತೆಗೆ ಬಂದು ಬಿಟ್ಟರೆ ಮಾಯಾ ಬೂಟು ಕೊಡ್ತೀನಿ ಅನ್ನುತ್ತಾಳೆ. ಬೂಟು ಹಾಕಿಕೊಂಡರೆ ವೇಗ 200 ಪಾಯಿಂಟ್ ಏರುತ್ತದೆ, ಸುಳ್ಳಲ್ಲ. ಜೊತೆಗೆ ಸ್ಕ್ರೀನ್ ಪೂರ್ತಿ ಕಪ್ಪಾಗುತ್ತದೆ. ನಾನು ಮೊದಲ ಸಲ ಕರೆಂಟು ಹೋಯಿತು ಅಂದುಕೊಂಡೆ! ಬೈದು ಬಿಸಾಕಿದ್ದೆ. ಮದ್ದು ಏನಪ್ಪಾ ಅಂದರೆ ಮೈಗೆ ಮಾಯೆ ತಟ್ಟದಂತೆ ತಡೆಯುವ ರೆಸಿಸ್ಟ್ ಮ್ಯಾಜಿಕಾ ಮಂತ್ರ, 100 ಪಾಯಿಂಟ್, ಒಂದು ಸೆಕೆಂಡು. ಬೂಟಿನೊಳಗೆ ಕಾಲು ತೂರಿಸುವ ಆ ಕ್ಷಣದಲ್ಲಿ ಅದು ಮೈಮೇಲೆ ಇದ್ದರೆ ಕುರುಡು ತಟ್ಟುವುದೇ ಇಲ್ಲ, ಬೂಟು ಬಿಚ್ಚುವ ತನಕ. ಬ್ರೆಟನ್ ಕುಲದವರಾದರೆ ಹುಟ್ಟಿನಿಂದಲೇ ಅರ್ಧ ತಡೆ ಇರುತ್ತದೆ, ಇನ್ನರ್ಧ ಹಾಕಿದರೆ ಸಾಕು.

ಇನ್ನು ದಣಿವಿನ ವಿಷಯ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕಂದರೆ ಮಾರೋವಿಂಡ್ ಆಡಿ ಅರ್ಧಕ್ಕೆ ಬಿಟ್ಟವರೆಲ್ಲ ಹೇಳುವ ದೂರು ಒಂದೇ: "ಎದುರಿಗಿರೋ ಇಲಿಗೂ ಕತ್ತಿ ತಾಗಲ್ಲ ಮಾರಾಯ." ನಿಜ. ಕತ್ತಿ ಇಲಿಯ ಮೈ ಹಾದು ಹೋದರೂ ಒಳಗೆ ದಾಳ ಉರುಳುತ್ತಿರುತ್ತದೆ, ಗರ ಬೀಳದಿದ್ದರೆ ಏಟು ಇಲ್ಲ. ಆದರೆ ಆ ದಾಳಕ್ಕೆ ತೂಕ ಹಾಕುವುದು ಪರದೆಯ ಮೂಲೆಯಲ್ಲಿರುವ ಹಸಿರು ಪಟ್ಟಿ, ದಣಿವಿನ ಪಟ್ಟಿ. ಅದನ್ನು ಯಾರೂ ನೋಡುವುದಿಲ್ಲ. ಕತ್ತಿವಿದ್ಯೆ 30 ಇದೆ ಅನ್ನಿ. ಚುರುಕುತನ 40, ಅದರಲ್ಲಿ ಐದನೇ ಒಂದು ಭಾಗ ಸೇರುತ್ತದೆ, 8. ಅದೃಷ್ಟ 40, ಹತ್ತನೇ ಒಂದು ಭಾಗ, 4. ಒಟ್ಟು 42. ಹಸಿರು ಪಟ್ಟಿ ತುಂಬಿದ್ದರೆ ಇದನ್ನು 1.25ರಿಂದ ಗುಣಿಸುತ್ತಾರೆ, 52 ದಾಟುತ್ತದೆ. ಪಟ್ಟಿ ಖಾಲಿ ಇದ್ದರೆ 0.75ರಿಂದ, 31 ಚಿಲ್ಲರೆ. ಇದರಲ್ಲಿ ಎದುರಿನವನು ತಪ್ಪಿಸಿಕೊಳ್ಳುವ ಲೆಕ್ಕ ಕಳೆಯಬೇಕು, ಅದು ಬೇರೆ. ಅಂದರೆ ಅದೇ ಮನುಷ್ಯ, ಅದೇ ಕತ್ತಿ, ಓಡಿಕೊಂಡು ಬಂದು ಏದುಸಿರು ಬಿಡುತ್ತಾ ಹೊಡೆದರೆ 31, ನಡೆದುಕೊಂಡು ಬಂದು ಹೊಡೆದರೆ 52.

ನಾವೆಲ್ಲ ಎಲ್ಲಿಗೆ ಹೋದರೂ ಓಡುತ್ತೇವೆ. ಓಡಿದರೆ ಪಟ್ಟಿ ಇಳಿಯುತ್ತದೆ. ಮುಳ್ಳಯ್ಯನಗಿರಿಯಲ್ಲಿ ನೋಡಿ, ವೀಕೆಂಡ್ ಬಂದವರು ಕೊನೆಯ ಮೆಟ್ಟಿಲುಗಳನ್ನು ರೇಸಿಗೆ ಬಿದ್ದವರ ಹಾಗೆ ಹತ್ತುತ್ತಾರೆ, ಮೇಲೆ ಹೋಗಿ ಸೊಂಟದ ಮೇಲೆ ಕೈ ಇಟ್ಟು ನಿಂತಿರುತ್ತಾರೆ, ಫೋಟೋ ತೆಗೆಯುವುದಕ್ಕೂ ಕೈ ನಡುಗುತ್ತದೆ. ಆ ಸ್ಥಿತಿಯಲ್ಲಿ ಅವರ ಕೈಗೆ ಕತ್ತಿ ಕೊಟ್ಟು ಇಲಿ ಹೊಡಿ ಅಂದರೆ ಹೊಡೆಯುತ್ತಾರಾ?

ದಣಿವಿನ ಲೆಕ್ಕ ಬರೀ ಕತ್ತಿಗಲ್ಲ. ಮಂತ್ರ ಹಾಕುವುದಕ್ಕೂ ಇದೇ ಗುಣಾಕಾರ. ಬೀಗ ತೆಗೆಯುವುದಕ್ಕೂ. ಮಾತಲ್ಲಿ ಒಲಿಸುವುದಕ್ಕೂ. ಅಂಗಡಿಯಲ್ಲಿ ಚೌಕಾಸಿ ಮಾಡುವುದಕ್ಕೂ! ಸಂತೆಯಲ್ಲಿ ಅಮ್ಮ ಮೊದಲು ಬ್ಯಾಗು ಕೆಳಗಿಟ್ಟು, ಸೆರಗಿನಲ್ಲಿ ಮುಖ ಒರೆಸಿಕೊಂಡು, ಆಮೇಲೆ "ಎಷ್ಟಪ್ಪಾ ಬೀನ್ಸು" ಅಂತ ಕೇಳುತ್ತಿದ್ದರು. ಆಟ ಮಾಡಿದವರು ಯಾವ ಸಂತೆ ನೋಡಿದ್ದರೋ ಗೊತ್ತಿಲ್ಲ, ವಿಷಯ ಮಾತ್ರ ಸರಿಯಾಗಿ ಹಿಡಿದಿದ್ದಾರೆ. ರಿಸ್ಟೋರ್ ಫಟೀಗ್ ಅಂತ ಒಂದು ಅಗ್ಗದ ಮಂತ್ರ ಇದೆ. ಹೊಡೆದಾಟಕ್ಕೆ ಮೊದಲು ಒಂದು ಸಲ, ಅಂಗಡಿ ಬಾಗಿಲಲ್ಲಿ ಒಂದು ಸಲ. ಇಡೀ ಆಟದಲ್ಲಿ ಒಂದೇ ಮಂತ್ರ ಇಟ್ಟುಕೋ ಅಂದರೆ ನಾನು ಇದನ್ನೇ ಇಟ್ಟುಕೊಳ್ಳುತ್ತೇನೆ, ಸ್ಲೋಫಾಲ್ ಕೂಡ ಬಿಟ್ಟು.

ಬರಿಗೈ ಹೊಡೆದಾಟದ ವಿದ್ಯೆಯನ್ನು ಜನ ಬಿಡುವುದೂ ಈ ಹಸಿರು ಪಟ್ಟಿ ಗೊತ್ತಿಲ್ಲದೆ. ಗುದ್ದಿದರೆ ಶತ್ರುವಿನ ಜೀವ ಇಳಿಯುವುದಿಲ್ಲ, ದಣಿವಿನ ಪಟ್ಟಿ ಇಳಿಯುತ್ತದೆ. ಅದು ಖಾಲಿಯಾದರೆ ಅವನು ಧಡ್ ಅಂತ ಕುಸಿದು ಬೀಳುತ್ತಾನೆ. ಬಿದ್ದ ಮೇಲಿನ ಗುದ್ದು ಜೀವಕ್ಕೆ. ನಿಧಾನದ ಕೆಲಸ, ಆದರೆ ಬಿದ್ದವನು ತಿರುಗಿ ಹೊಡೆಯಲ್ಲ ಅಲ್ವಾ.

ಸೌಂಡ್ ಅಂತ ಇನ್ನೊಂದಿದೆ. ನನಗೆ ತುಂಬಾ ಇಷ್ಟ. ಎದುರಿನ ಮಂತ್ರವಾದಿಯ ಕಿವಿಯಲ್ಲಿ ಗದ್ದಲ ಎಬ್ಬಿಸುವ ಮಂತ್ರ. ಎಷ್ಟು ಪಾಯಿಂಟ್ ಗದ್ದಲವೋ ಅಷ್ಟು ಅವನ ಮಂತ್ರ ಫಲಿಸುವ ಲೆಕ್ಕದಿಂದ ಕಳೆಯುತ್ತದೆ. ಅವನು ಕೈ ಎತ್ತುತ್ತಾನೆ, ಮಂತ್ರ ಹೇಳುತ್ತಾನೆ, ಟುಸ್. ಮತ್ತೆ ಎತ್ತುತ್ತಾನೆ, ಟುಸ್. ಮಿಕ್ಸಿ ತಿರುಗುತ್ತಿರುವ ಮನೆಯಲ್ಲಿ ಫೋನಲ್ಲಿ ಮಾತಾಡಿದ ಹಾಗೆ.

ಬರ್ಡನ್‌ಗೆ ಮಾತ್ರ ದೊಡ್ಡ ಸಂಖ್ಯೆಯೇ ಬೇಕು, ನನ್ನ ಸಣ್ಣ ಸಂಖ್ಯೆ ಪುರಾಣ ಇಲ್ಲಿ ನಡೆಯಲ್ಲ. ಎದುರಿನವನ ಮೈಮೇಲೆ ಕಾಣದ ಭಾರ ಹೇರುವ ಮಂತ್ರ ಅದು. ಈ ಲೋಕದಲ್ಲಿ ಒಬ್ಬನ ಶಕ್ತಿಯ ಐದರಷ್ಟು ಭಾರ ಅವನು ಹೊರಬಲ್ಲ, ಅದು ಮೀರಿದರೆ ಒಂದು ಹೆಜ್ಜೆಯೂ ಇಡಲಾರ. ತಲೆಯಿಂದ ಕಾಲಿನವರೆಗೆ ಭಾರಿ ಕವಚ ತೊಟ್ಟು ದೊಡ್ಡ ಕೊಡಲಿ ಹಿಡಿದು ಬರುವವನು ಆಗಲೇ ಅರ್ಧ ಭಾರ ಹೊತ್ತಿರುತ್ತಾನೆ. ಅವನ ಬೆನ್ನಿಗೆ ಐವತ್ತು ಕೆಜಿಯ ಕಾಫಿ ಚೆರ್ರಿ ಮೂಟೆ ನಾಲ್ಕು ಹೊರಿಸಿದ ಹಾಗೆ ಇದನ್ನು ಹಾಕಿದರೆ ಕಂಬದಂತೆ ನಿಲ್ಲುತ್ತಾನೆ. ನೀವು ದೂರ ಹೋಗಿ ಬಿಲ್ಲು ತೆಗೆಯಬಹುದು. ಇಲ್ಲ ಸುಮ್ನೆ ಮನೆಗೆ ಹೋಗಬಹುದು.

ಇನ್ನು ಕೆಲವನ್ನು ಬೇಗ ಹೇಳಿ ಮುಗಿಸುತ್ತೇನೆ. ಟೆಲಿಕೈನೆಸಿಸ್ ಇದ್ದರೆ ದೂರದಿಂದಲೇ ಪೆಟ್ಟಿಗೆ ತೆರೆಯಬಹುದು, ಕಳ್ಳರಿಗೆ ಒಳ್ಳೆಯದು. ಮಾತಿನ ವಿದ್ಯೆ ಸ್ಪೀಚ್‌ಕ್ರಾಫ್ಟ್‌ನಲ್ಲಿ ಹೊಗಳುವುದಷ್ಟೇ ಎಲ್ಲರಿಗೂ ಗೊತ್ತು, ಕೆಣಕುವುದೂ ಇದೆ. ಅವನೇ ಮೊದಲು ಕೈ ಮಾಡುವ ತನಕ ಕೆಣಕಿದರೆ ಆಮೇಲೆ ನೀವು ಹೊಡೆದದ್ದಕ್ಕೆ ಕಾವಲಿನವರು ಕೇಳುವುದಿಲ್ಲ. ಅನ್‌ಆರ್ಮರ್ಡ್, ಅಂದರೆ ಕವಚ ಇಲ್ಲದೆ ಮೈ ಕಾಯುವ ವಿದ್ಯೆ. ಇದರಲ್ಲಿ ಒಂದು ತಮಾಷೆಯ ದೋಷ ಉಳಿದುಹೋಗಿದೆ, ಕವಚ ಒಂದೂ ಇಲ್ಲದಿದ್ದರೆ ಈ ವಿದ್ಯೆ ಕೆಲಸವೇ ಮಾಡುವುದಿಲ್ಲ! ಒಂದು ಕೈಗವಸಾದರೂ ಹಾಕಿಕೊಳ್ಳಬೇಕು. ಪಟ್ಟಿಯಲ್ಲಿರುವುದೆಲ್ಲ ಬಂಗಾರ ಅಂತ ನಾನು ಹೇಳಲ್ಲ. ಲಾಕ್ ಮಂತ್ರದಿಂದ ಬಾಗಿಲಿಗೆ ಬೀಗ ಹಾಕಿ ನಾನೇ ತೆಗೆದದ್ದು ಬಿಟ್ಟರೆ ಬೇರೆ ಉಪಯೋಗ ಕಂಡಿಲ್ಲ. ಸ್ವಿಫ್ಟ್ ಸ್ವಿಮ್ ಅಂತೂ ದಂಡ. ಬೇಗ ಈಜುವ ಮಂತ್ರವಂತೆ. ನೀರಿನ ಮೇಲೆ ನಡೆಯುವ ಮಂತ್ರ ಇರುವಾಗ ಬೇಗ ಈಜಿ ಯಾರಿಗೆ ಏನಾಗಬೇಕು.

ಇದೇ ಸರಣಿಯ ಮುಂದಿನ ಆಟಗಳಲ್ಲಿ ಇವು ಒಂದೊಂದಾಗಿ ಮಾಯವಾದವು. 2006ರ ಒಬ್ಲಿವಿಯನ್‌ನಲ್ಲಿ ವಿದ್ಯೆಗಳು 21ಕ್ಕೆ ಇಳಿದವು. ಗಾಳಿಯಲ್ಲಿ ತೇಲುವ ಲೆವಿಟೇಟ್ ಹೋಯಿತು, ಅಲ್ಲಿನ ಊರುಗಳು ಬಾಗಿಲು ದಾಟಿದರೆ ಮಾತ್ರ ಲೋಡ್ ಆಗುವ ಬೇರೆ ಬೇರೆ ಕೋಣೆಗಳಾದ್ದರಿಂದ ಗೋಡೆ ಮೇಲೆ ಹಾರುವಂತಿರಲಿಲ್ಲ. ಒಂದು ಜಾಗಕ್ಕೆ ಗುರುತು ಹಾಕಿ, ಎಲ್ಲಿಂದ ಬೇಕಾದರೂ ಅಲ್ಲಿಗೆ ವಾಪಸ್ ಹೋಗುವ ಮಾರ್ಕ್ ಮತ್ತು ರಿಕಾಲ್ ಹೋದವು, ನಕ್ಷೆ ಒತ್ತಿದರೆ ಊರು ತಲುಪುವ ಮೇಲೆ ಅವು ಯಾಕೆ? 2011ರ ಸ್ಕೈರಿಮ್ ಹೊತ್ತಿಗೆ 18 ವಿದ್ಯೆ, ಮಂತ್ರ ಹೊಲಿಸುವ ಅಂಗಡಿಗೂ ಬೀಗ. ಯಾರೂ ಬಳಸುತ್ತಿರಲಿಲ್ಲ ಅಂತಲೇ ತೆಗೆದದ್ದೋ ಏನೋ. ನನಗೆ ಹೊಟ್ಟೆ ಉರಿಯುವುದು ಲೆವಿಟೇಟ್‌ಗೆ. ಮಾರೋವಿಂಡ್‌ನಲ್ಲಿ ಟೆಲ್ವಾನಿ ಮಂತ್ರವಾದಿಗಳು ಅಣಬೆಯ ಗೋಪುರಗಳಲ್ಲಿ ಇರುತ್ತಾರೆ, ಅವರ ಮಹಡಿಗೆ ಮೆಟ್ಟಿಲೇ ಇಲ್ಲ. ಹಾರುವುದು ಬಾರದವನು ನಮ್ಮನ್ನು ನೋಡಲು ಬರುವ ಅಗತ್ಯವಿಲ್ಲ ಅನ್ನೋ ಧಿಮಾಕು. ಆ ಧಿಮಾಕನ್ನು ಒಂದು ಮಾತೂ ಬರೆಯದೆ, ಬರೀ ಮೆಟ್ಟಿಲು ಕಟ್ಟದೆ ತೋರಿಸಿದ್ದಾರಲ್ಲ, ಆ ಕೆಲಸ ಮುಂದಿನ ಆಟಗಳಲ್ಲಿ ನನಗೆ ಕಾಣಲಿಲ್ಲ.

ಇಷ್ಟೆಲ್ಲ ನಾನು ಅವತ್ತು ಅಕ್ಕನ ಮಗನಿಗೆ ಹೇಳಲಿಲ್ಲ. ಹೇಳಬೇಕು ಅಂತ ಬಾಯಿ ತುದಿಗೆ ಬಂದಿತ್ತು. ಬೆಂಕಿ ಉಂಡೆಯ ವಿದ್ಯೆಯನ್ನೇ ಆರಿಸಿಕೊಂಡ. ಹೊರಗೆ ಬಂದ. ಓಡಿದ, ಎಲ್ಲರೂ ಓಡುವ ಹಾಗೆ. ಹಸಿರು ಪಟ್ಟಿ ಇಳಿಯುತ್ತಿತ್ತು, ನಾನು ಕಾಫಿ ಕುಡಿಯುತ್ತಾ ನೋಡುತ್ತಿದ್ದೆ. ಕಿರುಚಾಟ ಕೇಳಿ ಬೆಚ್ಚಿದ. ಟಾರ್ಹಿಯಲ್ ಬಿದ್ದ. ದಿನಚರಿಯನ್ನು ಓದದೇ ಮುಚ್ಚಿದ, ಸುರುಳಿ ನೋಡಿದ, "ಮಾವ, ಸಾವಿರ!" ಅಂದ. ಜಿಗಿದೇಬಿಟ್ಟ.

ಮಂಜು ಬಂತು. ಅವನು ಕುರ್ಚಿಯಲ್ಲಿ ಅರ್ಧ ಎದ್ದು ನಿಂತಿದ್ದ. ಏಳು ಸೆಕೆಂಡು ಮುಗಿಯಿತು. ನಾನು ಕಾಯುತ್ತಿದ್ದೆ, ಧೊಪ್ಪನೆ ಬೀಳುವುದನ್ನು, ಆಮೇಲೆ ಸ್ಲೋಫಾಲ್ ಕಥೆ ಶುರು ಮಾಡುವುದನ್ನು. ಆದರೆ ಹುಡುಗ ನೆಲದ ಕಡೆ ಮುಖ ಮಾಡಿಯೇ ಜಿಗಿದಿರಲಿಲ್ಲ. ಬಿದ್ದದ್ದು ಸಮುದ್ರಕ್ಕೆ. ನೀರಿಗೆ ಬಿದ್ದರೆ ಏನೂ ಆಗುವುದಿಲ್ಲ, ಅದೂ ಒಂದು ಲೆಕ್ಕ. ಮುಳುಗಿ ಎದ್ದ. ಸುತ್ತ ಎಲ್ಲೂ ದಡ ಕಾಣುತ್ತಿಲ್ಲ. ಕೆಳಗೆ ಹಲ್ಲಿನ ಮೀನೊಂದು ಇವನ ಕಡೆಗೇ ತಿರುಗಿತು.

"ಮಾವ ಮಾವ, ಬೇಗ ಈಜೋಕೆ ಏನಾದ್ರೂ ಮಂತ್ರ ಇದ್ಯಾ?"